ಓದುಗರ ಪ್ರಶ್ನೆ: ಮಗಳು ಜರ್ಮನಿಗೆ ಭಾಷೆ ಕಲಿಯೋಕೆ ಹೊರಟಿದ್ದಾಳೆ, ಯಾವ ಕಾಗದ ಬೇಕು?

ಪ್ರಶ್ನೆ: ಮಗಳಿಗೆ 15 ವರ್ಷ, ಶಾಲೆಯಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ. ಬೇಸಿಗೆಯಲ್ಲಿ ಮೂರು ವಾರದ ಭಾಷಾ ಕೋರ್ಸ್‌ಗೆ ಟೀಚರ್ ಜೊತೆ ಜರ್ಮನಿಗೆ ಕಳಿಸುತ್ತಾರಂತೆ. ನಮ್ಮ ಮನೆಯಲ್ಲಿ ಯಾರಿಗೂ ಪಾಸ್‌ಪೋರ್ಟ್ ಇಲ್ಲ. ನಮ್ಮದು ತೆಂಗಿನ ತೋಟ, ಸಂಬಳದ ಚೀಟಿಯೂ ಇಲ್ಲ. ಎಲ್ಲಿಂದ ಶುರು ಮಾಡಬೇಕು? – ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಮಗಳ ಜನನ ಪ್ರಮಾಣಪತ್ರ ತೆಗೆದು ನೋಡಿ. ಮಗುವಿನ ಹೆಸರಿನ ಜಾಗ ಖಾಲಿ ಇದೆಯಾ? ಆಸ್ಪತ್ರೆಯಲ್ಲಿ ಹುಟ್ಟಿದಾಗ ನೋಂದಣಿ ಮಾಡಿಸಿ, ನಾಮಕರಣದ ನಂತರ ಹೆಸರು ಸೇರಿಸದೇ ಬಿಟ್ಟ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಖಾಲಿ ಇದ್ದರೆ ಮೊದಲು ನೋಂದಣಿ ಆದ ಕಚೇರಿಗೆ ಹೋಗಿ ಹೆಸರು ಸೇರಿಸಿ. ಇದಕ್ಕೆ ಸಾಮಾನ್ಯವಾಗಿ 15 ವರ್ಷದ ಮಿತಿ ಇದೆ, ನಿಮ್ಮ ಮಗಳು ಆ ಅಂಚಿನಲ್ಲೇ ಇದ್ದಾಳೆ, ಹಾಗಾಗಿ ಇವತ್ತೇ ನೋಡಿ.

ಆಮೇಲೆ ಇನಿಷಿಯಲ್ ವಿಚಾರ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಶಾಲೆ ದಾಖಲೆಯಲ್ಲಿ 'ಎಚ್. ಆರ್.' ಅಂತಿದ್ದು, ಆಧಾರ್‌ನಲ್ಲಿ ಬರೀ ಹೆಸರಿದ್ದು, ಅಪ್ಪನ ಕಾರ್ಡ್‌ನಲ್ಲಿ ಊರ ಹೆಸರೂ ಸೇರಿಕೊಂಡಿದ್ದರೆ ಮುಂದೆ ಪ್ರತಿ ಕೌಂಟರ್‌ನಲ್ಲೂ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ. ಅಮ್ಮನ ಹೆಸರು ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಲಕ್ಷ್ಮಮ್ಮ ಅಂತಿದ್ದರೂ ಇದೇ ಪಾಡು. ಅರ್ಜಿ ಹಾಕುವ ಮೊದಲೇ ಮೂವರ ಕಾಗದಗಳನ್ನೂ ಅಕ್ಕಪಕ್ಕ ಇಟ್ಟು, ಇಂಗ್ಲಿಷ್ ಸ್ಪೆಲಿಂಗ್ ಒಂದೊಂದು ಅಕ್ಷರ ಹೋಲಿಸಿ ನೋಡಿ.

ಅಪ್ಪ ಅಮ್ಮನಿಗೆ ಪಾಸ್‌ಪೋರ್ಟ್ ಇರಲೇಬೇಕು ಅಂತೇನಿಲ್ಲ. ಮಗಳಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿಗೆ ಇದೆ ಅಂತ ಇಬ್ಬರೂ ಸಹಿ ಹಾಕಿದ 'ಅನೆಕ್ಸರ್ ಡಿ' ಅನ್ನುವ ಘೋಷಣೆ ಬೇಕು. ಪೊಲೀಸ್ ವೆರಿಫಿಕೇಷನ್ ಬರಬಹುದು, ಅದಕ್ಕೂ ಸಮಯ ಇಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ತುಮಕೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ಸಿಗುತ್ತದಾ ನೋಡಿ, ಬೆಂಗಳೂರಿಗೆ ಓಡುವುದು ತಪ್ಪುತ್ತದೆ. ಮಕ್ಕಳ ಪಾಸ್‌ಪೋರ್ಟ್ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಆದರೆ 15 ತುಂಬಿದವರು 10 ವರ್ಷದ್ದನ್ನೂ ಕೇಳಬಹುದು. ನನ್ನ ಕೇಳಿದರೆ 10 ವರ್ಷದ್ದೇ ಮಾಡಿಸಿ, ಮುಂದೆ ಓದಿಗೂ ಆಗುತ್ತದೆ.

ಇನ್ನು ವೀಸಾ. ಮೂರು ವಾರ ಅಂದರೆ ಷೆಂಗೆನ್ ವೀಸಾ ಸಾಕು, ಅಂದರೆ ಜರ್ಮನಿ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಅಲ್ಪಾವಧಿ ವೀಸಾ. ಯಾವುದೇ 180 ದಿನದಲ್ಲಿ 90 ದಿನದವರೆಗೆ ಅದು ನಡೆಯುತ್ತದೆ. ಹೊರಡುವ ದಿನಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಆ ಕೊನೆಯ ಗಡುವನ್ನು ನಂಬಿ ಕೂರಬೇಡಿ, ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಮಗಳು ವಾಪಸ್ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್ 3 ತಿಂಗಳು ಚಾಲ್ತಿಯಲ್ಲಿರಬೇಕು. ಓದಿಗಾಗಿ ಹೋಗುವ ಶಾಲಾ ಮಕ್ಕಳಿಗೂ ಜೊತೆಗೆ ಹೋಗುವ ಟೀಚರ್‌ಗೂ ವೀಸಾ ಶುಲ್ಕದ ವಿನಾಯಿತಿ ನಿಯಮದಲ್ಲೇ ಇದೆ. ವೀಸಾ ಕೇಂದ್ರದ ಸರ್ವಿಸ್ ಚಾರ್ಜ್ ಮಾತ್ರ ಬೇರೆ. ಏಜೆಂಟರು ಸುಮ್ನೆ ಪೂರ್ತಿ ಶುಲ್ಕ ಹೇಳಿದರೆ ರಸೀದಿ ಕೇಳಿ.

ದುಡ್ಡಿನ ದಾಖಲೆಗೆ ಸಂಬಳದ ಚೀಟಿಯೇ ಆಗಬೇಕೆಂದಿಲ್ಲ. ಕೊಬ್ಬರಿ ಮಾರಿದ ಹಣ ಖಾತೆಗೆ ಬಂದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಎಪಿಎಂಸಿ ಬಿಲ್ಲು, ಪಹಣಿ ಮತ್ತು ಅದರ ಇಂಗ್ಲಿಷ್ ಅನುವಾದ ಕೊಡಿ. ಜೊತೆಗೆ 'ನಾವು ಕೃಷಿಕರು, ಆದಾಯ ಹೀಗೆ ಬರುತ್ತದೆ' ಅಂತ ಒಂದು ಪುಟದ ಪತ್ರ ಬರೆಯಿರಿ. ಅರ್ಜಿಯ ಹಿಂದಿನ ವಾರ ಸಾಲ ತಂದು ಖಾತೆಗೆ ದೊಡ್ಡ ಮೊತ್ತ ಹಾಕಬೇಡಿ, ಅನುಮಾನ ಜಾಸ್ತಿ ಆಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಪೋಷಕರ ಒಪ್ಪಿಗೆ ಪತ್ರ. 'ಮಗಳನ್ನು ಕಳಿಸಲು ನಮ್ಮ ಅಭ್ಯಂತರವಿಲ್ಲ' ಅಂತ ಒಂದೇ ಸಾಲು ಬರೆಸಿ ನೋಟರಿ ಸೀಲು ಹಾಕಿಸಿದರೆ ಆಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಊರು ದಾಟಿದ ಮೇಲೆ ಮಗುವಿನ ಪರ ಮಾತಾಡೋದು ಆ ಹಾಳೆ ಒಂದೇ, ಅಲ್ವಾ? ಮಗಳ ಪೂರ್ತಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಜೊತೆಗಿರುವ ಟೀಚರ್ ಹೆಸರು ಮತ್ತು ಅವರ ಪಾಸ್‌ಪೋರ್ಟ್ ನಂಬರ್, ಹೋಗಿ ಬರುವ ತಾರೀಖು, ಉಳಿಯುವ ವಿಳಾಸ, ನಿಮ್ಮಿಬ್ಬರ ಫೋನ್ ನಂಬರ್ ಎಲ್ಲ ಇರಲಿ. ಜ್ವರವೋ ಪೆಟ್ಟೋ ಆದರೆ ಚಿಕಿತ್ಸೆಗೆ ಟೀಚರ್ ಒಪ್ಪಿಗೆ ಕೊಡಬಹುದು ಅನ್ನುವ ಸಾಲನ್ನೂ ಸೇರಿಸಿ. ಇಂಗ್ಲಿಷ್‌ನಲ್ಲಿರಲಿ. ಇಬ್ಬರ ಸಹಿಗೂ ಪುರಾವೆ ಬೇಕಾಗುತ್ತದೆ. ಆಧಾರ್ ಕಾರ್ಡ್‌ನಲ್ಲಿ ಸಹಿ ಇರುವುದಿಲ್ಲ, ಪ್ಯಾನ್ ಕಾರ್ಡ್‌ನಲ್ಲಿ ಇರುತ್ತದೆ, ಅದರ ಪ್ರತಿ ಲಗತ್ತಿಸಿ. ಶಾಲೆಯ ಲೆಟರ್‌ಹೆಡ್‌ನಲ್ಲಿ ವ್ಯಾಸಂಗ ಪತ್ರವನ್ನೂ ಪಡೆಯಿರಿ.

ಪ್ರಶ್ನೆ: ಮಗನಿಗೆ 13. ಗಂಡ ಬಿಟ್ಟುಹೋಗಿ ವರ್ಷಗಳಾದವು, ಡೈವೋರ್ಸ್ ಆಗಿಲ್ಲ. ಮಗ ಇಂಥದ್ದೇ ಕೋರ್ಸ್‌ಗೆ ಆಯ್ಕೆಯಾಗಿದ್ದಾನೆ. ಏಜೆಂಟ್ 'ಅಪ್ಪನ ಸಹಿ ನಾನು ನೋಡ್ಕೋತೀನಿ' ಅನ್ನುತ್ತಾರೆ. – ತಾಯಿ, ಚಿಂತಾಮಣಿ

ಉತ್ತರ: ಬೇಡ, ದಯವಿಟ್ಟು ಬೇಡ. ಸುಳ್ಳು ಸಹಿ ಹಾಕಿ ಪಾಸ್‌ಪೋರ್ಟ್ ಪಡೆಯುವುದು ಅಪರಾಧ. ಸಿಕ್ಕಿಬಿದ್ದರೆ ಏಜೆಂಟ್ ಕೈತೊಳೆದುಕೊಳ್ಳುತ್ತಾರೆ, ಕೇಸು ನಿಮ್ಮ ತಲೆಗೆ ಬರುತ್ತದೆ, ಮಗನ ಹೆಸರೂ ಕೆಡುತ್ತದೆ.

ನಿಮ್ಮಂಥವರಿಗೆ ನೇರ ದಾರಿ ಇದೆ. ಇನ್ನೊಬ್ಬ ಪೋಷಕರ ಒಪ್ಪಿಗೆ ಸಿಗದಿದ್ದಾಗ 'ಅನೆಕ್ಸರ್ ಸಿ' ಅನ್ನುವ ಘೋಷಣೆ ಕೊಟ್ಟು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಬಹುದು. ಇದ್ದ ವಿಷಯ ಇದ್ದ ಹಾಗೆ ಬರೆಯಿರಿ. ವೀಸಾ ಹಂತ ಇದಕ್ಕಿಂತ ಬಿಗಿ. ಅಲ್ಲಿ ಇಬ್ಬರ ಒಪ್ಪಿಗೆ ಇಲ್ಲವೇ ಕೋರ್ಟ್ ಆದೇಶ ಕೇಳುತ್ತಾರೆ. ಹಾಗಾಗಿ ಮಗನ ಪಾಲನೆ ಮತ್ತು ವಿದೇಶ ಪ್ರಯಾಣಕ್ಕೆ ಅನುಮತಿ ಕೋರಿ ಕೋರ್ಟ್‌ಗೆ ಅರ್ಜಿ ಹಾಕುವುದು ಒಳ್ಳೆಯದು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಸಮಯ ಹಿಡಿಯುತ್ತದೆ, ಈ ಬೇಸಿಗೆಗೆ ಆಗದಿದ್ದರೂ ಆದೇಶ ಕೈಯಲ್ಲಿದ್ದರೆ ಮುಂದಿನ ವರ್ಷಕ್ಕೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮಗಳಿಗೆ ಈಗಷ್ಟೇ 12 ತುಂಬಿತು. ವೀಸಾಗೆ ಅವಳೂ ಬರಬೇಕಾ? – ಓದುಗರು, ಕೆಜಿಎಫ್

ಉತ್ತರ: ಬರಬೇಕು. ಷೆಂಗೆನ್ ವೀಸಾಗೆ 12 ತುಂಬಿದವರೆಲ್ಲ ಬೆರಳಚ್ಚು ಕೊಡಬೇಕು. ಪರೀಕ್ಷೆ ಇಲ್ಲದ ದಿನ ನೋಡಿ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಅರ್ಜಿಗೆ ಸಹಿ ಹಾಕಬೇಕಾದವರು ಪೋಷಕರೇ, ಅದಕ್ಕೆ ನೀವೂ ಜೊತೆಗೆ ಹೋಗಿ.