ಕೋಳಿಮರಿಗಳಿಗೆ ಬಲ್ಬಿನ ಶಾಖ ಯಾವಾಗ ನಿಲ್ಲಿಸಬಹುದು?

ತೀರ್ಥಹಳ್ಳಿ ಕಡೆ ಮಳೆ ಹಿಡಿದಿದೆ, ಮರಿಗಳಿಗೆ ನಾಲ್ಕು ವಾರ ಆಯ್ತು, ಬಲ್ಬು ತೆಗೆದುಬಿಡಲಾ ಅಂತ ಕೇಳಿದ್ದೀರಿ. ಹಗಲಲ್ಲಿ ಆರಿಸಿ ನೋಡಿ. ರಾತ್ರಿ ಮಾತ್ರ ಇನ್ನೂ ಒಂದೆರಡು ವಾರ ಇರಲಿ.

ಮೊದಲ ವಾರ ಮರಿಗಳಿಗೆ 33ರಿಂದ 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ 21ರ ಹತ್ತಿರ ಬಂದರೆ ಸಾಕು. ಬೇಸಿಗೆಯಲ್ಲಿ ಇದು ಬೇಗ ಮುಗಿಯುತ್ತದೆ. ಮಲೆನಾಡಿನ ಆಷಾಢದಲ್ಲಿ ಐದಾರು ವಾರ ಬೇಕೇ ಬೇಕು.

ಆದರೆ ವಾರ ಎಣಿಸುವುದಕ್ಕಿಂತ ಮರಿಯನ್ನೇ ನೋಡುವುದು ಒಳ್ಳೆಯದು. ಒಂದನ್ನು ಕೈಗೆತ್ತಿಕೊಂಡು ಬೆನ್ನು, ಎದೆ, ಕತ್ತು ಸವರಿ. ಹುಟ್ಟುವಾಗಿನ ಮೆತ್ತನೆ ತುಪ್ಪಳ ಹೋಗಿ ಎಲ್ಲ ಕಡೆ ಪುಕ್ಕ ತುಂಬಿರಬೇಕು. ರೆಕ್ಕೆಗೆ ಎಲ್ಲಕ್ಕಿಂತ ಮೊದಲು ಪುಕ್ಕ ಬರುತ್ತದೆ, ಅದೊಂದನ್ನೇ ನೋಡಿ ನಿರ್ಧಾರ ಮಾಡಬೇಡಿ.

ಬಲ್ಬು ಆರಿಸಿದ ಮೊದಲ ರಾತ್ರಿ ಟಾರ್ಚ್ ಹಿಡಿದು ಒಮ್ಮೆ ಹೋಗಿ ಬನ್ನಿ. ಅಕ್ಕಪಕ್ಕ ಆರಾಮಾಗಿ ಮಲಗಿದ್ದರೆ ಸರಿ. ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ, ಚಿಂವ್ ಚಿಂವ್ ಅಂತ ಜೋರಾಗಿ ಕೂಗುತ್ತಿದ್ದರೆ ತಕ್ಷಣ ಬಲ್ಬು ಹಾಕಿ. ಹಾಗೇ ಬಿಟ್ಟರೆ ಅಡಿಯಲ್ಲಿರುವವು ಉಸಿರುಗಟ್ಟಿ ಸಾಯುತ್ತವೆ.

ನಮ್ಮ ಕಡೆ ಚಳಿಗಿಂತ ತೇವ ಜಾಸ್ತಿ ಕೆಟ್ಟದ್ದು. ಪುಕ್ಕ ಬಂದ ಮರಿಯೂ ನೆನೆದರೆ ನಡುಗುತ್ತದೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ, ಉಂಡೆ ಕಟ್ಟಿದರೆ ಬದಲಿಸಿ. ಎರಚಲು ಬರುವ ಕಡೆ ಗೋಣಿಚೀಲ ಕಟ್ಟಿ. ಗಾಳಿ ಆಡಲು ಮೇಲೆ ಮಾತ್ರ ಸ್ವಲ್ಪ ಜಾಗ ಬಿಡಿ.

ಹೇಂಟೆಯ ಜೊತೆಗೇ ಇರುವ ಮರಿಗಳಿಗೆ ಬಲ್ಬಿನ ಶಾಖ ಬೇಡ, ಅದರ ರೆಕ್ಕೆಯ ಅಡಿ ಸಾಕು.