ಚಿಕ್ಕಪೇಟೆ ನಡೆದೇ ಸುತ್ತಬಹುದಾ?

ಹಾಸನದಿಂದ ಹೋಗಿ ಒಂದೇ ದಿನದಲ್ಲಿ ಬೆಂಗಳೂರಿನ ಚಿಕ್ಕಪೇಟೆ ಸುತ್ತಿ, ಮದುವೆ ಸೀರೆ ತರಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ ಮೇಡಂ, ನಾನೂ ಹಾಸನದವನೇ.

ಬೆಳಗಿನ ರೈಲಿಗೆ ಹೋಗಿ ಯಶವಂತಪುರದಲ್ಲಿ ಇಳಿಯಿರಿ. ಅಲ್ಲಿಂದ ಹಸಿರು ಮೆಟ್ರೋ ನೇರ ಚಿಕ್ಕಪೇಟೆಗೇ ಹೋಗುತ್ತದೆ, ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕಿಲ್ಲ. ಮೊದಲು ಸೀರೆ ಅಂಗಡಿಗಳನ್ನು ಸುಮ್ನೆ ನೋಡಿ. ಮೊದಲ ಅಂಗಡಿಯಲ್ಲೇ ಕೊಂಡು ನಾನು ಕೆಟ್ಟೆ, ನಾಲ್ಕು ಅಂಗಡಿ ದಾಟಿದರೆ ಅಂಥದ್ದೇ ಸೀರೆ ಕಡಿಮೆಗಿತ್ತು! ಪಕ್ಕದ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಸಿಗುತ್ತವೆ, ಹಾಗೇ ನಡೆದರೆ ಕೆ.ಆರ್. ಮಾರ್ಕೆಟ್‌ನ ಹೂವು. ವಾಪಸ್ ಬರಲು ಅಲ್ಲೇ ಮೆಟ್ರೋ ಇದೆ.

ನಮ್ಮ ಕಟ್ಟಿನಕೆರೆ ಮಾರ್ಕೆಟ್‌ಗಿಂತ ನೂಕುನುಗ್ಗಲು ಬಹಳ ಜಾಸ್ತಿ. ಪರ್ಸ್ ಮುಂದಿಟ್ಟುಕೊಳ್ಳಿ. ಭಾನುವಾರ ಮಾತ್ರ ಬೇಡ, ಸುಮಾರು ಸಗಟು ಅಂಗಡಿಗಳಿಗೆ ಬಾಗಿಲು.