ಕೃತ್ತಿಕೆಯ ಗುಂಪು ಮುಂದೆ ಚದುರಿಹೋಗುತ್ತಾ?

ಪ್ರಶ್ನೆ: ತಾರಸಿ ಮೇಲೆ ಮಲಗಿದ್ದಾಗ ಮಗಳಿಗೆ ಕೃತ್ತಿಕೆ ನಕ್ಷತ್ರ ತೋರಿಸಿದೆ. ಆರು ಎಣಿಸಿದಳು. ‘ಇವು ನಿಜವಾಗಿ ಒಟ್ಟಿಗೆ ಇವೆಯಾ, ಸುಮ್ನೆ ಹಾಗೆ ಕಾಣುತ್ತವಾ? ಯಾವಾಗಲೂ ಹೀಗೇ ಇರುತ್ತವಾ?’ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ: ನಿಜವಾಗಿಯೂ ಒಟ್ಟಿಗೇ ಇವೆ. ಆರೇನು, ಅಲ್ಲಿರುವುದು ಸಾವಿರಕ್ಕೂ ಜಾಸ್ತಿ. ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರ. ಆದರೆ ಮಗಳ ಅನುಮಾನ ಸರಿಯಾದದ್ದೇ. ಪಕ್ಕದಲ್ಲೇ ಕೆಂಪಗೆ ಹೊಳೆಯುವ ರೋಹಿಣಿಯನ್ನು ನೋಡಿ. ಅದರ ಸುತ್ತಲೂ ಒಂದು ಗುಂಪಿದೆ, ಆದರೆ ರೋಹಿಣಿ ಆ ಗುಂಪಿನದ್ದಲ್ಲ! ಗುಂಪು ಇರುವುದು ಸುಮಾರು 150 ಜ್ಯೋತಿರ್ವರ್ಷ ಆಚೆ, ರೋಹಿಣಿ ಬರೀ 65.

ಕೃತ್ತಿಕೆಯವು ಒಂದೇ ಬಸಿರಿನ ಮಕ್ಕಳು. ಅನಿಲ ಮತ್ತು ದೂಳಿನ ದೊಡ್ಡ ಮೋಡವೊಂದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಮೋಡ ಎಂಥ ತಣ್ಣಗೆ ಅಂತೀರಿ, ಮೈನಸ್ 260 ಡಿಗ್ರಿಯ ಹತ್ತಿರ. ತಣ್ಣಗಿರುವುದರಿಂದಲೇ ಕುಸಿಯಲು ಸಾಧ್ಯ, ಬಿಸಿಯಿದ್ದರೆ ಹಿಗ್ಗುತ್ತಿತ್ತು. ಕುಸಿಯುತ್ತಾ ಅದು ತುಂಡು ತುಂಡಾಗುತ್ತದೆ. ತುಂಡಿನ ನಡುಭಾಗ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆದುಕೊಂಡು ಹೀಲಿಯಂ ಆಗತೊಡಗುತ್ತದೆ. ಅಲ್ಲಿಗೆ ನಕ್ಷತ್ರ ಹೊತ್ತಿಕೊಂಡಿತು. ಇಂಥ ಹೆರಿಗೆ ಈಗಲೂ ನಡೆಯುತ್ತಿರುವ ಜಾಗ ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ಸೊಂಟಪಟ್ಟಿಯ ಕೆಳಗಿನ ಮಬ್ಬು ಮಚ್ಚೆ.

ವಯಸ್ಸು ಹೇಗೆ ತಿಳಿಯುತ್ತದೆ? ನನಗೆ ತುಂಬ ಇಷ್ಟವಾದ ಲೆಕ್ಕ ಇದು. ತೂಕದ ನಕ್ಷತ್ರಕ್ಕೆ ಉರುವಲು ಜಾಸ್ತಿ, ಆದರೆ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸೂರ್ಯ ಸುಮಾರು 1,000 ಕೋಟಿ ವರ್ಷ ಉರಿಯುತ್ತಾನೆ, ಅವನ ಹತ್ತರಷ್ಟು ತೂಕದ್ದು ಎರಡು-ಮೂರು ಕೋಟಿ ವರ್ಷದಲ್ಲೇ ಮುಗಿಯುತ್ತದೆ. ಹಾಗಾಗಿ ಗುಂಪಿನಲ್ಲಿ ಯಾರು ಇಲ್ಲ ಎಂದು ನೋಡಿದರೆ ಸಾಕು. ಕೃತ್ತಿಕೆಯಲ್ಲಿ ಅಂಥ ಭಾರಿ ನಕ್ಷತ್ರಗಳಿಲ್ಲ, ಅದಕ್ಕಿಂತ ಸ್ವಲ್ಪ ಹಗುರದ ನೀಲಿ ನಕ್ಷತ್ರಗಳು ಇನ್ನೂ ಇವೆ. ವಯಸ್ಸು 10ರಿಂದ 13 ಕೋಟಿ ವರ್ಷ ಎಂದಾಯಿತು. ಅವು ಹುಟ್ಟಿದಾಗ ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದವು.

ಫೋಟೋಗಳಲ್ಲಿ ಇವುಗಳ ಸುತ್ತ ನೀಲಿ ಮಂಜು ಕಾಣುತ್ತದೆ. ಅದು ಹುಟ್ಟಿದ ಮೋಡದ ಉಳಿಕೆಯಲ್ಲ. ದಾರಿಯಲ್ಲಿ ಸಿಕ್ಕ ಬೇರೆ ದೂಳು.

ಇನ್ನು ಚದುರುವ ಮಾತು. ಹೌದು, ಚದುರುತ್ತವೆ. ಒಂದನ್ನೊಂದು ಹಿಡಿದಿಡುವ ಸೆಳೆತ ಅಷ್ಟೇನೂ ಗಟ್ಟಿಯಲ್ಲ, ಹೊರಗಿನಿಂದ ಆಕಾಶಗಂಗೆಯೂ ಎಳೆಯುತ್ತಿರುತ್ತದೆ. ಇನ್ನು ಸುಮಾರು 25 ಕೋಟಿ ವರ್ಷಕ್ಕೆ ಗುಂಪು ಕರಗಬಹುದು. ನಮ್ಮ ಸೂರ್ಯನೂ ಬಹುಶಃ ಇಂಥ ಗುಂಪಿನಲ್ಲೇ ಹುಟ್ಟಿದ್ದು. 460 ಕೋಟಿ ವರ್ಷದಲ್ಲಿ ಒಡಹುಟ್ಟಿದವರು ಎಲ್ಲೆಲ್ಲಿಗೋ ಹೋದರು.

ಎಲ್ಲ ಗುಂಪಿನ ಕತೆಯೂ ಇದೇ ಅಲ್ಲ. ಕೃತ್ತಿಕೆ ಮಳೆ ಬರುವ ಮೇ ತಿಂಗಳಲ್ಲಿ ಕೃತ್ತಿಕೆ ಕಾಣುವುದಿಲ್ಲ, ಸೂರ್ಯ ಅದರ ಹತ್ತಿರವೇ ಇರುತ್ತಾನಲ್ವಾ. ಆಗ ರಾತ್ರಿ ಒಂಬತ್ತರ ಹೊತ್ತಿಗೆ ಊರ ದೀಪಗಳಿಂದ ದೂರ ಹೋಗಿ ಮಗಳಿಗೆ ತೆಂಕಣ ದಿಕ್ಕು ತೋರಿಸಿ. ಅಲ್ಲಿ ಮಬ್ಬು ಚುಕ್ಕಿಯಾಗಿ ಕಾಣುವುದು ಒಮೆಗಾ ಸೆಂಟಾರಿ, ಸುಮಾರು ಒಂದು ಕೋಟಿ ನಕ್ಷತ್ರಗಳ ಉಂಡೆ. ಲಂಡನ್ನಿನವರಿಗೆ ಅದು ಕಾಣುವುದೇ ಇಲ್ಲ, ನಮಗೆ ಕಾಣುತ್ತದೆ. ಸಾವಿರ ಕೋಟಿ ವರ್ಷ ದಾಟಿದರೂ ಅದು ಇನ್ನೂ ಚದುರಿಲ್ಲ.